ಕುರ್ಚಿಯಲ್ಲಿ ಕೂರಿಸಿ, ಬಟ್ಟೆಯ ಮೇಲೆಯೇ ಮಾಡುವ ಮಸಾಜ್: ಕೊಡಗಿನಲ್ಲಿ ಥೆರಪಿಸ್ಟ್‌ಗಳ ತರಬೇತಿ ಹೇಗಿರಬೇಕು?

ಹೋಂಸ್ಟೇ, ಮಡಿಕೇರಿ

ನಮಸ್ಕಾರ. ನಾಲ್ಕೈದು ಹೋಂಸ್ಟೇಗಳು ಸೇರಿ ಆರು ಜನರಿಗೆ ಚೇರ್ ಮಸಾಜ್ ತರಬೇತಿ ಕೊಡಿಸಬೇಕೆಂದಿದ್ದೇವೆ. ನಾಲ್ವರು ಈಗಾಗಲೇ ಎಣ್ಣೆ ಮಸಾಜ್ ಮಾಡುವವರು, ಇಬ್ಬರು ಹೊಸಬರು. 15 ನಿಮಿಷದ ಸೆಷನ್, ಎಣ್ಣೆ ಇಲ್ಲ, ಬಟ್ಟೆ ತೆಗೆಯುವುದಿಲ್ಲ, ಸೊಂಟದಿಂದ ಮೇಲೆ ಮಾತ್ರ. ಪ್ರವಾಸಿಗರಿಗೂ ಬೇಕು, ಕೊಯ್ಲಿನ ಕಾಲದಲ್ಲಿ ತೋಟದ ಕೆಲಸದವರಿಗೂ ಬೇಕು. ಎಷ್ಟು ದಿನ ಬೇಕು, ಯಾವುದರಿಂದ ಶುರು ಮಾಡಿಸಬೇಕು? ಎಣ್ಣೆ ಮಸಾಜ್ ಬರುವವರಿಗೆ ಒಂದೇ ದಿನ ಸಾಕು ಎನ್ನುತ್ತಾರೆ. ಹೌದೇ?

ಸ್ಪಾ ಟ್ರೈನರ್, ವಿರಾಜಪೇಟೆ

ಸಾಲದು ಸರ್. ಎಣ್ಣೆ ಮಸಾಜ್ ಮಾಡಿದವರಿಗೆ ಸ್ನಾಯುಗಳ ಪರಿಚಯ ಇರುತ್ತದೆ, ಮುಟ್ಟುವ ಅಳುಕು ಇರುವುದಿಲ್ಲ. ಲಾಭ ಅಷ್ಟೇ. ಅವರ ಕೈ ಜಾರುವುದಕ್ಕೆ ಒಗ್ಗಿಹೋಗಿದೆ. ಬಟ್ಟೆಯ ಮೇಲೆ ಹಾಗೆ ಜಾರಿಸಿದರೆ ಕಾಟನ್ ಅಂಗಿ ಚರ್ಮವನ್ನು ಉಜ್ಜಿ ಉರಿ ಎಬ್ಬಿಸುತ್ತದೆ, ಸಿಂಥೆಟಿಕ್ ಆದರೆ ಕೈ ಎಲ್ಲೂ ನಿಲ್ಲುವುದೇ ಇಲ್ಲ. ಇಲ್ಲಿರುವ ಕೆಲಸ ಬೇರೆ: ನೇರ ಒತ್ತುವುದು, ಹಿಸುಕಿ ಎತ್ತುವುದು, ಬಟ್ಟೆ ಮತ್ತು ಚರ್ಮವನ್ನು ಒಟ್ಟಿಗೆ ಹಿಡಿದು ಕೆಳಗಿನ ಸ್ನಾಯುವಿನ ಮೇಲೆ ಸಣ್ಣ ವೃತ್ತದಲ್ಲಿ ಆಡಿಸುವುದು. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಎಳೆದುಕೊಂಡು ಹೋಗಬಾರದು. ಒತ್ತಡ ಪೂರ್ತಿ ಬಿಟ್ಟು, ಕೈ ಸರಿಸಿ, ಮತ್ತೆ ಒತ್ತಬೇಕು.

ನನ್ನ ಪ್ರಕಾರ ಶುರು ಮಾಡಬೇಕಾದ್ದು ಪಾದದಿಂದ. ಮೊದಲ ಅರ್ಧ ದಿನ ಯಾರ ಬೆನ್ನಿನ ಮೇಲೂ ಕೈ ಇಡಿಸಬೇಡಿ. ಒಂದು ಕಾಲು ಮುಂದೆ, ಒಂದು ಹಿಂದೆ, ಹಿಂದಿನ ಹಿಮ್ಮಡಿ ನೆಲಕ್ಕೆ ಊರಿರಬೇಕು, ಮುಂದಿನ ಮಂಡಿ ಬಾಗಿರಬೇಕು, ಬೆನ್ನು ನೇರ. ಕೈ ಬಹುತೇಕ ಚಾಚಿರಬೇಕು, ಆದರೆ ಮೊಣಕೈ ಬಿಗಿದು ಲಾಕ್ ಆಗಬಾರದು. ಮುಂದಿನ ಮಂಡಿ ಇನ್ನಷ್ಟು ಬಾಗಿದರೆ ದೇಹದ ಭಾರ ತಾನಾಗಿ ಕೈಗೆ ಬರುತ್ತದೆ. ಹೆಗಲಿನ ಬಲದಿಂದ ತಳ್ಳುವವರು ಮೂರನೇ ಗಿರಾಕಿಗೇ ಸುಸ್ತಾಗುತ್ತಾರೆ, ಹೆಬ್ಬೆರಳಿನ ಬುಡದ ಕೀಲು ಆಮೇಲೆ ಕೈಕೊಡುತ್ತದೆ.

ಒತ್ತಡ ಅಳೆಯಲು ಮುಳ್ಳಿರುವ ಹಳೇ ತೂಕದ ಯಂತ್ರ ಸಾಕು. ಗಟ್ಟಿ ಬೆಂಚಿನ ಮೇಲಿಟ್ಟು ಅಂಗೈಯಿಂದ 5 ಕೆ.ಜಿ. ಬರುವ ತನಕ ಮೂರು ಎಣಿಕೆಯಲ್ಲಿ ಒರಗಿ, ಐದು ಎಣಿಕೆ ಹಾಗೇ ಹಿಡಿದು, ಮೂರು ಎಣಿಕೆಯಲ್ಲಿ ಬಿಡಬೇಕು. ಆಮೇಲೆ 8, ಆಮೇಲೆ 10. ಮುಳ್ಳು ನಡುಗದೆ ನಿಲ್ಲಬೇಕು. ಮುಳ್ಳು ನೋಡದೆಯೂ 5 ಮತ್ತು 10ರ ವ್ಯತ್ಯಾಸ ಕೈಗೆ ಗೊತ್ತಾಗುವ ತನಕ ಬಿಡಬೇಡಿ. ಎಣ್ಣೆ ಮಸಾಜ್‌ನವರು ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತಾರೆ. ಒತ್ತಿದ ಕೂಡಲೇ ಮುಂದಕ್ಕೆ ಜಾರಬೇಕು ಎನಿಸುತ್ತದೆ ಅವರಿಗೆ.

ಫಿಸಿಯೊ, ಕುಶಾಲನಗರ

ಮೇಡಂ ಹೇಳಿದ್ದಕ್ಕೆ ಇನ್ನೊಂದು: ಒತ್ತಡದ ದಿಕ್ಕು. ಮೇಲ್ಮೈಗೆ ನೇರ 90 ಡಿಗ್ರಿಯಲ್ಲಿ ಒತ್ತಿದರೆ ಕೈ ನಿಲ್ಲುತ್ತದೆ, ಓರೆಯಾದರೆ ಬಟ್ಟೆ ಎಳೆಯುತ್ತದೆ. ಬೆನ್ನು ಚಪ್ಪಟೆ ಹಲಗೆಯಲ್ಲ, ಬಾಗಿದ ಮೇಲ್ಮೈ. ಮೇಲ್ಬೆನ್ನಿಗೆ ಒಂದು ಕೋನವಾದರೆ ಕೆಳಬೆನ್ನಿಗೆ ಇನ್ನೊಂದು. ಹಾಗಾಗಿ ಕೆಳಕ್ಕೆ ಇಳಿದಂತೆ ಥೆರಪಿಸ್ಟ್ ಮಂಡಿ ಬಗ್ಗಿಸಿ ತಾನೂ ಇಳಿಯಬೇಕು, ಸೊಂಟ ಬಗ್ಗಿಸಿ ಅಲ್ಲ.

ಮುಟ್ಟಬಾರದ ಜಾಗಗಳನ್ನು ಬಾಯಿಮಾತಿನಲ್ಲಿ ಹೇಳಿ ಮುಗಿಸಬೇಡಿ. ಹಳೇ ಬಿಳಿ ಬನಿಯನ್ ತೊಡಿಸಿ ಸ್ಕೆಚ್ ಪೆನ್ನಿನಲ್ಲಿ ಗುರುತು ಮಾಡಿಸಿ. ಬೆನ್ನುಮೂಳೆಯ ಗಂಟುಗಳ ಸಾಲು: ಅದರ ಮೇಲೆ ಒತ್ತಡ ಯಾವತ್ತೂ ಇಲ್ಲ, ಎರಡೂ ಬದಿಗೆ ಎರಡೆರಡು ಬೆರಳು ಬಿಟ್ಟರೆ ಸಿಗುವ ಉದ್ದನೆಯ ದಿಂಡಿನಂಥ ಸ್ನಾಯುವೇ ನಮ್ಮ ದಾರಿ. 11 ಮತ್ತು 12ನೇ ಪಕ್ಕೆಲುಬುಗಳ ಮುಂತುದಿ ಯಾವುದಕ್ಕೂ ಅಂಟಿಕೊಂಡಿಲ್ಲ, ಅವುಗಳ ಆಸುಪಾಸಿನಲ್ಲಿ ಮೂತ್ರಪಿಂಡಗಳಿವೆ. ಅಲ್ಲಿ ಅಂಗೈಯ ಹಗುರ ಒತ್ತಡ ಮಾತ್ರ. ಬಡಿಯುವುದು, ಮೊಣಕೈ ಎರಡೂ ಬೇಡ. ಕಂಕುಳು ಬೇಡ, ನರಗಳ ಜಾಲ ಅಲ್ಲಿ ಹಾದುಹೋಗುತ್ತದೆ. ಮೊಣಕೈ ಮಡಿಕೆಯ ಒಳಭಾಗ ಬೇಡ. ಮೊಣಕೈಯ ಒಳಬದಿಯ ಮೂಳೆಗುಬುಟಿನ ಹಿಂದೆ ಅಲ್ನರ್ ನರ ಚರ್ಮದ ಕೆಳಗೇ ಇದೆ, ಅಲ್ಲಿ ಒತ್ತಿದರೆ ಕಿರುಬೆರಳಿನ ತನಕ ಜುಂ ಎನ್ನುತ್ತದೆ.

ಕುತ್ತಿಗೆಯ ವಿಷಯದಲ್ಲಿ ಒಂದು ಗೆರೆ ಹಾಕಿಕೊಳ್ಳಿ: ಕಿವಿಯ ಹಿಂಭಾಗದಿಂದ ನೇರ ಹೆಗಲಿಗೆ. ಆ ಗೆರೆಯಿಂದ ಮುಂದಕ್ಕೆ ಬೆರಳು ಹೋಗಬಾರದು. ಮುಂದುಗಡೆ ಕೆರೋಟಿಡ್ ರಕ್ತನಾಳ ಇದೆ, ಅದರ ಕವಲಿನಲ್ಲಿ ರಕ್ತದೊತ್ತಡ ನಿಯಂತ್ರಿಸುವ ಸೂಕ್ಷ್ಮ ಜಾಗ ಇದೆ. ಅಲ್ಲಿ ಒತ್ತಿದರೆ ನಾಡಿ ನಿಧಾನವಾಗಿ, ಬಿ.ಪಿ. ಇಳಿದು ತಲೆಸುತ್ತು ಬರಬಹುದು. ವಯಸ್ಸಾದವರಲ್ಲಿ ಅದಕ್ಕಿಂತ ಹೆಚ್ಚಿನ ಅಪಾಯವೂ ಉಂಟು. ಮತ್ತು ನೆಟಿಕೆ ತೆಗೆಯುವುದು, ಕತ್ತು ತಿರುಗಿಸಿ ಲಟಕ್ ಎನ್ನಿಸುವುದು ಕಟ್ಟುನಿಟ್ಟಾಗಿ ನಿಷೇಧ. ಕ್ಷೌರದಂಗಡಿಯಲ್ಲಿ ಮಾಡುತ್ತಾರಲ್ಲ ಎಂದು ಗಿರಾಕಿಯೇ ಕೇಳುತ್ತಾರೆ. ಕುತ್ತಿಗೆಯ ಮೂಳೆಗಳ ನಡುವೆ ಮೆದುಳಿಗೆ ಹೋಗುವ ವರ್ಟಿಬ್ರಲ್ ರಕ್ತನಾಳದ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಇಲ್ಲ ಎಂದು ಹೇಳುವುದನ್ನೂ ತರಬೇತಿಯಲ್ಲಿ ಅಭ್ಯಾಸ ಮಾಡಿಸಿ.

ಸ್ಪಾ ಟ್ರೈನರ್, ವಿರಾಜಪೇಟೆ

ಸರಿಯಾಗಿ ಹೇಳಿದಿರಿ ಡಾಕ್ಟ್ರೇ. ಈಗ ಕ್ರಮ. ಈ ಪದ್ಧತಿಗೆ ಈಗಿನ ರೂಪ ಕೊಟ್ಟವರು ಸ್ಯಾನ್‌ಫ್ರಾನ್ಸಿಸ್ಕೊದ ಡೇವಿಡ್ ಪಾಮರ್. 1980ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಅನ್ಮಾ ಎಂಬ ಸಾಂಪ್ರದಾಯಿಕ ಮರ್ದನವನ್ನು ಕುರ್ಚಿಗೆ ತಂದರು. ಕಾಲಗಲಿಸಿ ಕೂತು ಎದೆ, ಮುಖ ಮುಂದಿನ ಪ್ಯಾಡ್‌ಗಳಿಗೆ ಒರಗಿಸುವಂತೆ ಇದಕ್ಕೆಂದೇ ರೂಪಿಸಿದ ಕುರ್ಚಿ 1986ರಲ್ಲಿ ಮಾರುಕಟ್ಟೆಗೆ ಬಂತು. ಅವರ ಶಾಲೆಯಲ್ಲಿ ಇಡೀ ಸೆಷನ್ ಅನ್ನು ಕಾಟಾ ಎನ್ನುವ ನಿಗದಿತ ಅನುಕ್ರಮವಾಗಿ ಕಲಿಸುತ್ತಾರೆ. ಹೊಸಬರಿಗೆ ಇದೇ ಒಳ್ಳೆಯದು, ಮುಂದೇನು ಎಂದು ಯೋಚಿಸುತ್ತಾ ನಿಂತರೆ ಗಿರಾಕಿಗೆ ಕೈಯಲ್ಲೇ ಗೊತ್ತಾಗಿಬಿಡುತ್ತದೆ.

15 ನಿಮಿಷವನ್ನು ನಾನು ಹೀಗೆ ಹಂಚಿಸುತ್ತೇನೆ. ಕೂರಿಸಿ, ಕುರ್ಚಿ ಸರಿಮಾಡಿ, ಅನುಮತಿ ಕೇಳುವುದು ಈ 15ರಲ್ಲಿ ಸೇರುವುದಿಲ್ಲ, ಅದಕ್ಕೆ ಬೇರೆ 3 ನಿಮಿಷ. ಮೊದಲ ನಿಮಿಷ ಎರಡೂ ಅಂಗೈ ಹೆಗಲ ಮೇಲೆ ಇಟ್ಟು, ಉಸಿರಿನ ಲಯ ನೋಡಿ, ಬೆನ್ನುದ್ದಕ್ಕೂ ಅಂಗೈಯಿಂದ ಹಗುರ ಒತ್ತಡ. ಮುಂದಿನ 3 ನಿಮಿಷ ಹೆಗಲಿನ ದಿಣ್ಣೆ, ಅಂದರೆ ಮೇಲಿನ ಟ್ರೆಪೀಜಿಯಸ್: ಹಿಸುಕಿ ಎತ್ತಿ ಐದು ಎಣಿಕೆ ಹಿಡಿಯುವುದು, ಆಮೇಲೆ ಮುಂಗೈಯ ಮಾಂಸಲ ಭಾಗ ಇಟ್ಟು ಒರಗುವುದು. ಮೊಣಕೈಯ ಮೊನೆ ಅಲ್ಲ. ಕುತ್ತಿಗೆಯ ಬುಡಕ್ಕೂ ಹೆಗಲ ತುದಿಯ ಮೂಳೆಗೂ ತಾಗದಂತೆ ನಡುವೆ ಮಾತ್ರ. ನಂತರ 3 ನಿಮಿಷ ಬೆನ್ನುಮೂಳೆಯ ಪಕ್ಕದ ದಿಂಡು, ಒಂದು ಬದಿ ಮುಗಿಸಿ ಇನ್ನೊಂದು. ಹೆಬ್ಬೆರಳು ಬಳಸುವುದಾದರೆ ತೋರುಬೆರಳನ್ನು ಮಡಿಸಿ ಅದಕ್ಕೆ ಆನಿಸಿ. ಒಂಟಿ ಹೆಬ್ಬೆರಳು ಹಿಂದಕ್ಕೆ ಬಾಗಿದ್ದು ಕಂಡರೆ ಅಲ್ಲೇ ನಿಲ್ಲಿಸಿ ತಿದ್ದಿ.

ಹೆಗಲಿನ ಚಪ್ಪಟೆ ಮೂಳೆಯ ಸುತ್ತ 2 ನಿಮಿಷ. ಆ ಮೂಳೆಯ ಮೇಲಿನ ಒಳಮೂಲೆಯಲ್ಲಿ ಕುತ್ತಿಗೆಯಿಂದ ಇಳಿದ ಒಂದು ಸ್ನಾಯು ಬಂದು ಕೂಡುತ್ತದೆ. ಬೆಂಗಳೂರಿನಿಂದ ಐದಾರು ಗಂಟೆ ಡ್ರೈವ್ ಮಾಡಿಕೊಂಡು ಬಂದವರಿಗೆ ಬಹುಪಾಲು ಗಂಟು ಅಲ್ಲೇ. ಮೂಳೆಯ ಮೇಲಿನ ಚಪ್ಪಟೆ ಜಾಗವನ್ನೂ ಮರೆಯಬೇಡಿ, ಅಲ್ಲಿ ಅಂಗೈಯ ಬುಡದಿಂದ ವೃತ್ತಾಕಾರ. ಕುತ್ತಿಗೆಗೆ 2: ಒಂದು ಕೈ ಹಣೆಯ ಪಕ್ಕ ಹಗುರವಾಗಿ ಆಧಾರ, ಇನ್ನೊಂದು ಕೈಯಿಂದ ಹಿಂಗುತ್ತಿಗೆ ಹಿಸುಕುವುದು, ಆಮೇಲೆ ತಲೆಬುರುಡೆಯ ಅಂಚಿನ ಕೆಳಗೆ ಕಣ್ಣಿನ ದಿಕ್ಕಿಗೆ ಒತ್ತುವುದು. ತೋಳು, ಮುಂಗೈ, ಅಂಗೈಗೆ ಬದಿಗೆ ಒಂದೂವರೆಯಂತೆ 3 ನಿಮಿಷ. ಉಳಿದ 1 ನಿಮಿಷದಲ್ಲಿ ಬೆನ್ನಿನ ಮೇಲೆ ಹಗುರವಾಗಿ ಬಡಿದು ಎಚ್ಚರಿಸುವುದು, ಎಬ್ಬಿಸುವುದು.

ಫಿಸಿಯೊ, ಕುಶಾಲನಗರ

ಆ ಬಡಿಯುವುದರ ಬಗ್ಗೆ ನನ್ನದು ಭಿನ್ನಾಭಿಪ್ರಾಯ. ಸದ್ದು ಚೆನ್ನಾಗಿರುತ್ತದೆ, ಪಕ್ಕದಲ್ಲಿ ಕಾಯುತ್ತಿರುವವರಿಗೆ ಜಾಹೀರಾತೂ ಆಗುತ್ತದೆ. ಆದರೆ ಹೊಸಬರ ಕೈ ಎಲ್ಲಿ ಬೀಳುತ್ತದೆ ಎಂದು ಹೇಳಲಾಗದು. ಬೆನ್ನುಮೂಳೆ, ಕಿಡ್ನಿ ಜಾಗ ಎರಡೂ ಅಂಗೈಯಗಲದ ಅಂತರದಲ್ಲೇ ಇವೆ. ತಲೆನೋವಿಗೆಂದು ಕೂತವರಿಗೆ ಅದು ಹಿಂಸೆ. ಮೊದಲ ತಿಂಗಳು ಬಿಟ್ಟೇಬಿಡಿ.

ಸ್ಪಾ ಟ್ರೈನರ್, ವಿರಾಜಪೇಟೆ

ಪೂರ್ತಿ ಬಿಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಮೇಲ್ಬೆನ್ನಿಗೆ ಮಾತ್ರ, 20 ಸೆಕೆಂಡ್, ಮಣಿಕಟ್ಟು ಸಡಿಲ. ತೂಕಡಿಸುತ್ತಿರುವವರನ್ನು ಹಾಗೇ ಎಬ್ಬಿಸಿದರೆ ಎಡವುತ್ತಾರೆ, ಅದಕ್ಕಾದರೂ ಬೇಕು. ತಲೆನೋವಿನವರಿಗೆ ಬೇಡ ಎಂಬುದು ಒಪ್ಪಿದೆ.

ಸಿಸ್ಟರ್, ಸೋಮವಾರಪೇಟೆ

ಕೈ ಇಡುವ ಮೊದಲು ಕೇಳಬೇಕಾದ್ದನ್ನು ಯಾರೂ ಬರೆದಿಲ್ಲ. "ಆರೋಗ್ಯ ಸಮಸ್ಯೆ ಏನಾದರೂ ಇದೆಯಾ?" ಎಂದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಬಿಡಿಬಿಡಿಯಾಗಿ ಕೇಳಬೇಕು. ಇವತ್ತು ಜ್ವರ, ವಾಂತಿ, ತಲೆಸುತ್ತು ಇದೆಯಾ? ಬಿ.ಪಿ. ಮಾತ್ರೆ ಉಂಟಾ, ಇವತ್ತು ತಗೊಂಡಿರಾ? ಸ್ಟೆಂಟ್ ಹಾಕಿದೆಯಾ, ರಕ್ತ ತೆಳು ಮಾಡುವ ಮಾತ್ರೆ ಇದೆಯಾ? ಇತ್ತೀಚೆಗೆ ಬಿದ್ದಿದ್ದು, ಆಪರೇಷನ್, ಮೂಳೆ ಮುರಿತ? ಕೈಗೆ ಜೋಮು, ಬೆರಳಿಗೆ ಶಕ್ತಿ ಕಡಿಮೆ? ಒಂದು ಕಾಲು ಮಾತ್ರ ಊದಿಕೊಂಡು ನೋಯುತ್ತಾ? ಕಣ್ಣಿನ ಆಪರೇಷನ್ ಆಗಿದೆಯಾ? ಹೆಂಗಸರಾದರೆ ಗರ್ಭಿಣಿಯಾ ಎಂದು ತಗ್ಗಿದ ದನಿಯಲ್ಲಿ, ಬೇರೆಯವರ ಎದುರಿಗಲ್ಲ. ಊಟ ಆಯಿತಾ, ಕುಡಿದಿದ್ದೀರಾ ಎಂಬುದೂ ಸೇರಲಿ. ಹಬ್ಬದ ದಿನಗಳಲ್ಲಿ, ಮದುವೆ ಮನೆಗಳಲ್ಲಿ ಎರಡನೆಯದು ನಮ್ಮಲ್ಲಿ ಖಂಡಿತ ಕೇಳಬೇಕಾದ ಪ್ರಶ್ನೆ!

ಜ್ವರ, ಕುಡಿತ, ಒಂದೇ ಕಾಲಿನ ಊತ, ಹೊಸ ಪೆಟ್ಟು: ಮಸಾಜ್ ಇಲ್ಲ. ಊದಿದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ನಾವು ಕಾಲು ಮುಟ್ಟುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳದೆ ಆಸ್ಪತ್ರೆಗೆ ಕಳಿಸಿ. ವಾರ್ಫರಿನ್ ಥರದ ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಆಳವಾದ ಒತ್ತಡ ಬೇಡ, ಒಳಗೇ ರಕ್ತ ಕಟ್ಟಿ ನೀಲಿಯಾಗುತ್ತದೆ. ಮೂಳೆ ಸವಕಳಿ ಇರುವವರು, ವರ್ಷಗಟ್ಟಲೆ ಸ್ಟೀರಾಯ್ಡ್ ತಗೊಂಡವರಿಗೆ ಪಕ್ಕೆಲುಬಿನ ಮೇಲೆ ಭಾರ ಹಾಕಬಾರದು. ಕಣ್ಣಿನ ಆಪರೇಷನ್ ಆಗಿ ಇನ್ನೂ ದಿನ ಕಳೆದಿಲ್ಲ ಅಥವಾ ಗ್ಲಾಕೋಮಾ (ಕಣ್ಣಿನ ಒಳಒತ್ತಡದ ಕಾಯಿಲೆ) ಇದೆ ಎಂದರೆ ಮುಖ ಕೆಳಗೆ ಮಾಡಿ ಒರಗಿಸಬೇಡಿ. ಎದೆ ಬಿಗಿತ, ದವಡೆಗೋ ಎಡಗೈಗೋ ಹರಡುವ ನೋವು, ಬೆವರು ಎಂದರೆ ಹೆಗಲು ನೋವು ಎಂದುಕೊಂಡು ಒತ್ತುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ನಮ್ಮಲ್ಲಿ ಮಿಲಿಟರಿಯಿಂದ ನಿವೃತ್ತರಾದವರು ಬಹಳ. ಹಳೇ ಗಾಯ, ಒಳಗೆ ಹಾಕಿದ ಪ್ಲೇಟು, ರಾಡು ಕೇಳದೆ ಅವರಾಗಿ ಹೇಳುವುದಿಲ್ಲ.

ತಲೆಸುತ್ತಿ ಬೀಳುವುದು ಕುರ್ಚಿಯಲ್ಲಿ ನಿಜವಾದ ಅಪಾಯ. ಖಾಲಿ ಹೊಟ್ಟೆ, ಸೆಕೆ, ಕೂತೇ ಇರುವುದು, ಕುತ್ತಿಗೆಯ ಕೆಲಸ ಎಲ್ಲ ಸೇರಿದರೆ ಬಿ.ಪಿ. ತಟ್ಟನೆ ಇಳಿಯುತ್ತದೆ. ಮುಖ ಕುಶನ್ ಒಳಗಿರುವುದರಿಂದ ಬಿಳಿಚಿಕೊಂಡದ್ದು ನಮಗೆ ಕಾಣುವುದಿಲ್ಲ. ಹಿಂಗುತ್ತಿಗೆ ತಣ್ಣಗೆ ಬೆವತರೆ, ಕೈ ಜೋತುಬಿದ್ದರೆ, "ವಾಕರಿಕೆ" ಎಂದರೆ ನಿಲ್ಲಿಸಿ. ಮಾಡುವ ತಪ್ಪೆಂದರೆ ಕುರ್ಚಿಯಲ್ಲೇ ನೆಟ್ಟಗೆ ಕೂರಿಸಿ ನೀರು ಕುಡಿಸುವುದು. ಹಿಂದಿನಿಂದ ಆತು ಹಿಡಿದು ನಿಧಾನ ನೆಲಕ್ಕೆ ಮಲಗಿಸಿ, ಕಾಲು ಎತ್ತರಕ್ಕೆ. ಒಂದೆರಡು ನಿಮಿಷದಲ್ಲಿ ಎಚ್ಚರ ಪೂರ್ತಿ ಬಾರದಿದ್ದರೆ ಆಂಬುಲೆನ್ಸ್. ಇಬ್ಬಿಬ್ಬರನ್ನು ಜೋಡಿ ಮಾಡಿ ಇದನ್ನು ನಿಜವಾಗಿ ಮಾಡಿಸಿ ನೋಡಿ.

ಹೋಂಸ್ಟೇ, ಮಡಿಕೇರಿ

ಬಹಳ ಉಪಕಾರ ಎಲ್ಲರಿಗೂ. ಸಿಸ್ಟರ್ ಕೊಟ್ಟ ಪ್ರಶ್ನೆಗಳನ್ನು ಲ್ಯಾಮಿನೇಟ್ ಮಾಡಿಸುತ್ತೇನೆ. ಗರ್ಭಿಣಿಯರಿಗೆ ಮಾಡಬಹುದೇ? ಮತ್ತೆ ಕೊಡವ ಸೀರೆ ಉಟ್ಟವರು ಬಂದರೆ? ಮದುವೆ ಕಾಲದಲ್ಲಿ ಅವರೇ ಹೆಚ್ಚು.

ಸ್ಪಾ ಟ್ರೈನರ್, ವಿರಾಜಪೇಟೆ

ಗರ್ಭಿಣಿಯರಿಗೆ ಅದಕ್ಕೆಂದೇ ತರಬೇತಿ ಪಡೆದವರು ಮಾತ್ರ. ಎದೆಯ ಪ್ಯಾಡ್ ಹೊಟ್ಟೆಗೆ ಒತ್ತುತ್ತದೆ ಎಂಬುದು ಒಂದು ಕಾರಣ. ಹೆಗಲಿನ ದಿಣ್ಣೆಯ ನಡುವಿನ ಬಿಂದು, ಹೆಬ್ಬೆರಳು ತೋರುಬೆರಳಿನ ನಡುವಿನ ಬಿಂದು ಇವೆರಡನ್ನೂ ಪೂರ್ವದೇಶದ ಪದ್ಧತಿಗಳಲ್ಲಿ ಗರ್ಭಿಣಿಯರಿಗೆ ಒತ್ತುವುದಿಲ್ಲ. ನಿಮ್ಮ ಆರು ಜನರಿಗೆ ನಿಯಮ ಸರಳವಾಗಿರಲಿ: ಇಲ್ಲ.

ಕೊಡವ ಸೀರೆಯಲ್ಲಿ ನೆರಿಗೆ ಹಿಂದಕ್ಕೆ, ಸೆರಗು ಎಡಗಂಕುಳಿನ ಕೆಳಗಿನಿಂದ ಬಂದು ಬಲ ಹೆಗಲ ಮೇಲೆ ಪಿನ್ನು. ಅಂದರೆ ಸರಿಯಾಗಿ ನಾವು ಮುಂಗೈ ಇಡುವ ಜಾಗದಲ್ಲೇ ಪಿನ್ನು! ಅದನ್ನು ಥೆರಪಿಸ್ಟ್ ಬಿಚ್ಚಬಾರದು. ತೋರಿಸಿ, "ಅಕ್ಕಾ, ಪಿನ್ನು ನೀವೇ ತೆಗೆದಿಟ್ಟು ಸೆರಗು ಮಡಿಲಿಗೆ ಹಾಕಿಕೊಳ್ಳುತ್ತೀರಾ, ಇಲ್ಲ ಆ ಬದಿ ಬಿಡಲಾ?" ಎಂದು ಕೇಳಬೇಕು. ಬೇಡವೆಂದರೆ ಬಲ ಹೆಗಲು ಬಿಟ್ಟು ಅದೇ ಸಮಯವನ್ನು ತೋಳಿಗೆ ಕೊಡಿ. ಕೊರಳಲ್ಲಿ ಪತ್ತಾಕ್, ಕೊಕ್ಕೆತಾತಿ, ಕರಿಮಣಿ ಯಾವ ಸರ ಇದ್ದರೂ ಎದೆಯ ಪ್ಯಾಡ್‌ಗೆ ಒರಗಿದಾಗ ಚುಚ್ಚುತ್ತದೆ. ತೆಗೆಯಲು ಮನಸ್ಸಿಲ್ಲದವರಿಗೆ ಪ್ಯಾಡ್ ಮೇಲೆ ಮಡಿಸಿದ ಟವೆಲ್ ಹಾಕಿ, ಸರವನ್ನು ಬೆನ್ನ ಕಡೆ ತಳ್ಳಬೇಡಿ. ಸೀರೆಯವರು ಆ ಕುರ್ಚಿಯಲ್ಲಿ ಕಾಲಗಲಿಸಿ ಕೂರಲು ಸಂಕೋಚಪಡುತ್ತಾರೆ. ಅವರಿಗೆ ಕೈಯಿಲ್ಲದ ಸಾದಾ ಕುರ್ಚಿ, ಎದುರಿಗೆ ಊಟದ ಮೇಜು, ಮೇಜಿನ ಮೇಲೆ ಎರಡು ಮೂರು ದಿಂಬು, ಅದರ ಮೇಲೆ ಹಣೆ. ಇದೂ ಪೂರ್ಣ ಪ್ರಮಾಣದ ವ್ಯವಸ್ಥೆಯೇ. ಮುಂದೆ ಆಧಾರವೇ ಇಲ್ಲದೆ ಕೂರಿಸಿ ಹೆಗಲ ಮೇಲಿನಿಂದ ಭಾರ ಹಾಕಿದರೆ ಅಷ್ಟೂ ನೇರ ಸೊಂಟದ ಡಿಸ್ಕ್‌ಗೆ ಹೋಗುತ್ತದೆ.

ಎಸ್ಟೇಟ್ ರೈಟರ್, ಸಿದ್ದಾಪುರ

ತೋಟದ ಕೆಲಸದವರ ಬಗ್ಗೆ. ಅರೇಬಿಕಾ ಕೊಯ್ಲು ನವೆಂಬರ್–ಡಿಸೆಂಬರ್‌ಗೆ ಶುರು, ರೋಬಸ್ಟಾ ಜನವರಿಯಿಂದ ಮಾರ್ಚ್ ತನಕ, ಕರಿಮೆಣಸು ಅದರ ಬೆನ್ನಿಗೆ. ಕಾಫಿ ಕೊಯ್ಯುವವರಿಗೆ ಮುಂಗೈ, ಹೆಬ್ಬೆರಳ ಬುಡ. ರೆಂಬೆ ಬಗ್ಗಿಸಿ ಹಿಡಿಯುವ ಕೈಯ ಹೆಗಲು ಇನ್ನೊಂದಕ್ಕಿಂತ ಬಿಗಿ. ಮೂಟೆ ಹೊರುವವರಿಗೆ ಹೆಗಲಿನ ದಿಣ್ಣೆಯ ಚರ್ಮವೇ ಗಟ್ಟಿ, ಕೆಲವರಿಗೆ ತರಚು ಇರುತ್ತದೆ, ಅಂಗಿಯ ಮೇಲಿನಿಂದ ಕಾಣುವುದಿಲ್ಲ. ಕೇಳಿಯೇ ಕೈ ಇಡಬೇಕು. ಮೆಣಸಿನ ಏಣಿ ಹತ್ತುವವರು ದಿನವಿಡೀ ಕತ್ತೆತ್ತಿರುತ್ತಾರೆ, ಅವರಿಗೆ ಹಿಂಗುತ್ತಿಗೆ. ಎಲ್ಲರಿಗೂ ಒಂದೇ ಹಂಚಿಕೆ ಬೇಡ, ಕೊಯ್ಲಿನವರಿಗೆ ತೋಳು–ಮುಂಗೈಗೆ 3 ನಿಮಿಷದ ಬದಲು 6 ಕೊಡಿ, ಬೆನ್ನಿನಿಂದ ಕಡಿಮೆ ಮಾಡಿ.

ಇನ್ನೊಂದು, ಕುರ್ಚಿಯನ್ನು ಕಾಫಿ ಕಣದಲ್ಲಿ ಇಡಬೇಡಿ. ನೀರು ಹರಿದುಹೋಗಲು ಕಣಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಒರಗಿದಾಗ ಕುರ್ಚಿ ಸರಿಯುತ್ತದೆ. ಭಾಷೆಯ ವಿಷಯ: ಕೆಲಸದವರ ಲೈನ್ ಮನೆಗಳಲ್ಲಿ ಕನ್ನಡ, ಎರವ, ತಮಿಳು, ಮಲಯಾಳಂ ಎಲ್ಲ ಉಂಟು, ಈಗ ಅಸ್ಸಾಮಿನವರೂ. ಒತ್ತಡ ಹೇಗಿದೆ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಬೆರಳು ತೋರಿಸುವ ಪದ್ಧತಿ ಮಾಡಿ: ಒಂದು ಬೆರಳು ಸಾಲದು, ಎರಡು ಸರಿ, ಅಂಗೈ ಬಿಚ್ಚಿದರೆ ನಿಲ್ಲಿಸು. ಮೇಸ್ತ್ರಿ ಎದುರಿಗೆ ನಿಂತಿದ್ದರೆ ಯಾರೂ ನೋವು ಎನ್ನುವುದಿಲ್ಲ, ಅವರನ್ನು ಆಚೆ ಕಳಿಸಿ.

ಫಿಸಿಯೊ, ಕುಶಾಲನಗರ

ರೈಟರಣ್ಣ ಹೇಳಿದ್ದು ಪ್ರವಾಸಿಗರಿಗೂ ಅನ್ವಯ. "ಪರವಾಗಿಲ್ವಾ?" ಎಂದು ಕೇಳಿದರೆ ನಮ್ಮ ಜನ "ಪರವಾಗಿಲ್ಲ" ಎಂದೇ ಉತ್ತರ ಕೊಡುವುದು. "ಇನ್ನೂ ಬೇಕಾ, ಕಡಿಮೆ ಮಾಡಲಾ?" ಎಂದು ಎರಡರಲ್ಲಿ ಒಂದು ಆರಿಸುವಂತೆ ಕೇಳಿಸಿ. ಉತ್ತರಕ್ಕಿಂತ ದೇಹ ನೋಡಿ: ಉಸಿರು ಹಿಡಿದರೆ, ಹೆಗಲು ಕಿವಿಯ ಕಡೆ ಏರಿದರೆ, ಕಾಲ್ಬೆರಳು ಮಡಚಿದರೆ ಒತ್ತಡ ಜಾಸ್ತಿ.

ಇನ್ನು, ಕೆಲಸದ ಭಾರ, ಬಾಗುವ ರೀತಿ ಬದಲಾಗದೆ ವಾರಕ್ಕೊಂದು ಮಸಾಜ್‌ನಿಂದ ನೋವು ಹೋಗುತ್ತದೆಂದು ಹೇಳಿಕೊಳ್ಳಬೇಡಿ. ಸ್ವಲ್ಪ ಹೊತ್ತಿನ ಹಗುರ, ಅಷ್ಟೇ. ಚಿಕಿತ್ಸೆ ಎಂದು ಬೋರ್ಡ್ ಹಾಕಬೇಡಿ.

ಹೋಂಸ್ಟೇ, ಮಡಿಕೇರಿ

ಒಪ್ಪಿದೆ ಸರ್. ಕುರ್ಚಿ ಕೊಳ್ಳುವಾಗ ಏನು ನೋಡಬೇಕು? ಮಳೆಗಾಲದಲ್ಲಿ ಇಲ್ಲಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ.

ಸ್ಪಾ ಟ್ರೈನರ್, ವಿರಾಜಪೇಟೆ

ಸೀಟಿನ ಎತ್ತರ, ಎದೆಯ ಪ್ಯಾಡ್, ಮುಖದ ತೊಟ್ಟಿಲು (ಮುಖ ಇಡುವ ಕುಶನ್), ಕೈ ಇಡುವ ಹಲಗೆ ನಾಲ್ಕೂ ಬೇರೆಬೇರೆಯಾಗಿ ಹೊಂದಬೇಕು. ಮುಖದ ತೊಟ್ಟಿಲಿಗೆ ಎತ್ತರ, ಕೋನ ಎರಡೂ ಬದಲಾಗದಿದ್ದರೆ ಆ ಕುರ್ಚಿ ಬೇಡ. ಲೇಬಲ್‌ನಲ್ಲಿರುವ ಭಾರದ ಮಿತಿಗೆ ಕೂತವರ ತೂಕದ ಜೊತೆ ನಾವು ಒರಗುವ ಭಾರವನ್ನೂ ಸೇರಿಸಿ ಲೆಕ್ಕ ಹಾಕಿ. ಸರಿಮಾಡುವ ಕ್ರಮ: ಮೊದಲು ಸೀಟು, ಆಮೇಲೆ ಎದೆ, ಆಮೇಲೆ ಮುಖ, ಕೊನೆಗೆ ಕೈ. ಗದ್ದ ಎದೆಗೆ ಸ್ವಲ್ಪ ಬಾಗಿರಬೇಕು. ಗದ್ದ ಮೇಲಾದರೆ ಹಿಂಗುತ್ತಿಗೆ ಮುದುಡಿ ಎಷ್ಟು ಒತ್ತಿದರೂ ಸಡಿಲವಾಗದು. ಎದೆಯ ಪ್ಯಾಡ್ ಗಂಟಲಿಗೆ ತಾಗಬಾರದು.

ಮುಖದ ಕವರ್ ಒಬ್ಬರಿಗೆ ಒಂದು, ಬಿಸಾಡುವ ಬಗೆಯದು. ಬಟ್ಟೆಯ ಕವರ್ ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗುವುದಿಲ್ಲ, ಮುಖಕ್ಕೆ ಮುಗ್ಗಲು ವಾಸನೆ. ಪ್ರತಿ ಸಲ ಸ್ಪಿರಿಟ್ ಹಾಕಿ ಒರೆಸಿದರೆ ರೆಕ್ಸಿನ್ ಬಿರುಕು ಬಿಡುತ್ತದೆ. ಸೌಮ್ಯ ಸೋಪಿನ ನೀರಲ್ಲಿ ಒರೆಸಿ, ಕಂಪನಿ ಹೇಳಿದ ಸೋಂಕುನಾಶಕ ಹಾಕಿ, ಒಣಬಟ್ಟೆಯಲ್ಲಿ ಮತ್ತೆ ಒರೆಸಿ. ತೇವ ಇದ್ದಂತೆ ಬ್ಯಾಗಿಗೆ ತುಂಬಬೇಡಿ. ಕುರ್ಚಿಯ ತಿರುಪು, ಹಗ್ಗ ಗಟ್ಟಿಯಿವೆಯೇ ಎಂದು ವಾರಕ್ಕೊಮ್ಮೆ ನೋಡಿ.

ದಿನಗಳ ಲೆಕ್ಕ: ಹಳಬರಿಗೆ ದಿನಕ್ಕೆ 6 ಗಂಟೆಯಂತೆ 3 ದಿನ, ಹೊಸಬರಿಗೆ ಅದಕ್ಕೆ ಮೊದಲು ಅಂಗರಚನೆ, ಸ್ವಚ್ಛತೆ ಸೇರಿ ಇನ್ನೂ 4 ದಿನ. ಆಮೇಲೆ ಒಬ್ಬೊಬ್ಬರಿಗೂ 30 ಅಭ್ಯಾಸದ ಸೆಷನ್, ಬೇರೆಬೇರೆ ಮೈಕಟ್ಟಿನವರ ಮೇಲೆ, ಪ್ರತಿಯೊಂದಕ್ಕೂ ಕೂತವರ ಅಭಿಪ್ರಾಯ ಬರೆಸಿಕೊಂಡು. ಪರೀಕ್ಷೆ ಹೀಗಿರಲಿ: 5 ಅಡಿಯವರನ್ನೂ 6 ಅಡಿಯವರನ್ನೂ ತಲಾ 90 ಸೆಕೆಂಡಿನಲ್ಲಿ ಕುರ್ಚಿಗೆ ಹೊಂದಿಸಬೇಕು, ಗಡಿಯಾರ ನೋಡದೆ 15 ನಿಮಿಷಕ್ಕೆ ಒಂದು ನಿಮಿಷ ಆಚೀಚೆ ಮುಗಿಸಬೇಕು, ಮತ್ತೆ "ರಕ್ತ ತೆಳು ಮಾಡುವ ಮಾತ್ರೆ ತಗೊಳ್ತೇನೆ, ಜೋರಾಗಿ ಒತ್ತು" ಎಂದು ಹಟ ಹಿಡಿಯುವವರಿಗೆ ನಯವಾಗಿ ಇಲ್ಲ ಎನ್ನಬೇಕು. ಮೂರನೆಯದರಲ್ಲಿ ಫೇಲಾದವರನ್ನು ಪಾಸು ಮಾಡಬೇಡಿ.

ಸಿಸ್ಟರ್, ಸೋಮವಾರಪೇಟೆ

ಥೆರಪಿಸ್ಟ್‌ಗಳ ರಕ್ಷಣೆಯನ್ನೂ ಬರೆದಿಡಿ. ತೆರೆದ ಜಾಗದಲ್ಲಿ, ಬೇರೆಯವರಿಗೆ ಕಾಣುವಂತೆ ಕುರ್ಚಿ. ಗಿರಾಕಿ ಕೆಟ್ಟದಾಗಿ ಮಾತಾಡಿದರೆ ಸೆಷನ್ ಅಲ್ಲಿಗೇ ನಿಲ್ಲಿಸುವ ಅಧಿಕಾರ ಅವರಿಗೆ ಇರಬೇಕು, ಆ ಹಣ ಅವರ ಸಂಬಳದಿಂದ ಕಡಿತವಾಗಬಾರದು. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ರೆಸಾರ್ಟ್‌ಗಳಲ್ಲಿ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ ಕಡ್ಡಾಯ.

ಎಸ್ಟೇಟ್ ರೈಟರ್, ಸಿದ್ದಾಪುರ

ಕೊಡವ ಕುಟುಂಬಗಳ ಹಾಕಿ ಹಬ್ಬದ ಮೈದಾನದಲ್ಲಿ ಸ್ಟಾಲ್ ಹಾಕಬಹುದಾ? ಏಪ್ರಿಲ್–ಮೇನಲ್ಲಿ ಅಷ್ಟು ಜನ ಬೇರೆಲ್ಲೂ ಸೇರುವುದಿಲ್ಲ.

ಫಿಸಿಯೊ, ಕುಶಾಲನಗರ

ಪ್ರೇಕ್ಷಕರಿಗೆ ಹಾಕಬಹುದು ಅಣ್ಣ. ನೆರಳು, ಫ್ಯಾನು, ಕುಡಿಯುವ ನೀರು ಇರಲಿ. ಆ ಬಿಸಿಲಲ್ಲಿ ಸಿಸ್ಟರ್ ಹೇಳಿದ ತಲೆಸುತ್ತು ಹೆಚ್ಚು. ಈಗಷ್ಟೇ ಆಡಿ ಬಂದ, ಪೆಟ್ಟು ತಿಂದ ಆಟಗಾರರನ್ನು ಕೂರಿಸಬೇಡಿ, ಅವರು ಮೊದಲು ಫಸ್ಟ್ ಏಡ್ ಟೆಂಟಿಗೆ ಹೋಗಲಿ. ಗಂಟೆಗೆ ಒಬ್ಬ ಥೆರಪಿಸ್ಟ್‌ಗೆ ಮೂರೇ ಸೆಷನ್, ಸಾಲು ಎಷ್ಟೇ ಉದ್ದ ಇದ್ದರೂ.